ಕೆಂಪು ಕಂದೀಲಿನ ಪ್ರದಕ್ಷಿಣೆ

ಸಕಲ ಸಂತರ ಹಬ್ಬದ ಬೆಳಿಗ್ಗೆ ಏಳು ಗಂಟೆಗೆ ವೆಂಡೆಲಿನ್ ಗ್ರಿಚಾರನ ಅತ್ತೆ ಅಪೊಲೊನಿಯಾ, ಕಾಫಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಅವನು ಹತ್ತೊಂಬತ್ತು ವರ್ಷಗಳಿಂದ ಕೇಳಲು ಕಾದಿದ್ದ ಮಾತನ್ನು ಆಡಿದರು.

"ಅಳಿಯಂದ್ರೇ, ಸೋಮವಾರ ಬೆಳಿಗ್ಗೆ ಬಿಡುವು ಮಾಡ್ಕೊಳ್ಳಿ. ನೋಟರಿ ಹತ್ರ ಹೋಗಿ ಬರೋಣ."

ಅಕ್ರೋಟು ತುಂಬಿದ ಪೊಟಿತ್ಸಾ ರೊಟ್ಟಿಯ ತುಂಡು ವೆಂಡೆಲಿನನ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ನೋಟರಿ ಎಂದರೆ ದ್ರಾಕ್ಷಿತೋಟ. ಊರಿನ ಮೇಲಣ ಗುಡ್ಡದ ಓರೆಯಲ್ಲಿ ನಾನೂರು ಬಳ್ಳಿ, ಒಂದು ಪುಟ್ಟ ಮನೆ, ಮನೆಯ ಕೆಳಗೆ ತಣ್ಣನೆಯ ನೆಲಮಾಳಿಗೆ, ಅದರೊಳಗೆ ನಾಲ್ಕು ಪೀಪಾಯಿ. ಮಾವ ಯೆರ್ನೇಯ್ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಮೊದಲ ಮೂರು ವರ್ಷ ಬಳ್ಳಿಗಳು ಹೇಳುವವರು ಕೇಳುವವರಿಲ್ಲದೆ ಹಬ್ಬಿದವು. ಆಮೇಲಿನ ಹತ್ತೊಂಬತ್ತು ವರ್ಷ ಅವುಗಳನ್ನು ಕತ್ತರಿಸಿ, ಕಟ್ಟಿ, ಮೈಲುತುತ್ತ ಸಿಂಪಡಿಸಿ ಸಾಕಿದವನು ವೆಂಡೆಲಿನ್. ಪ್ರತಿ ನವೆಂಬರಿನಲ್ಲಿ, ಹೊಸ ವೈನಿನ ಮೊದಲ ಲೋಟವನ್ನು ಅತ್ತೆಯ ಮುಂದಿಟ್ಟು, ತೋಟ ಇನ್ನೂ ಮಾವನ ಹೆಸರಿನಲ್ಲೇ ಇದೆಯಲ್ಲ ಎಂದು ಅವನು ಗಾಳಿಗೆ ಹೇಳುವಂತೆ ಹೇಳುತ್ತಿದ್ದ. ಪ್ರತಿ ನವೆಂಬರಿನಲ್ಲಿ ಅವರು ಲೋಟವನ್ನು ಬರಿದು ಮಾಡಿ, "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು.

"ಈ ಸೋಮವಾರಾನಾ ಅತ್ತೆ?"

"ಮತ್ತ್ಯಾವ ಸೋಮವಾರ? ಸಾಯೋ ವಯಸ್ಸಲ್ಲಿ ನಾನೇನು ತಮಾಷೆ ಮಾಡ್ತೀನಾ? ಹೊರಡಿ, ಹೊರಡಿ. ನಿಮ್ಮ ಪೆಟ್ಟಿಗೆ ಮರೀಬೇಡಿ."

ಎಂಬತ್ತೊಂದು ವರ್ಷದ ಆ ಹೆಂಗಸು ತಾವೇ ಎದ್ದು ಬಾಗಿಲು ತೆರೆದು ಹಿಡಿದರು. ಪೆಟ್ಟಿಗೆ ಕಾರಿನೊಳಗೆ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಒಳಗೆ ಹೋದರು. ವೆಂಡೆಲಿನನ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷದ ದಾಂಪತ್ಯದಲ್ಲಿ ಅತ್ತೆ ಅವನ ಕಚೇರಿಯ ಕೆಲಸಕ್ಕೆ ತೋರಿದ ಮೊದಲ ಗೌರವ ಅದು.

ಆ ಕೆಲಸವಾದರೋ ಗೌರವಕ್ಕೆ ಹಾತೊರೆಯುವಂಥದ್ದೇ ಆಗಿತ್ತು. ತ್ರನೋವಿಕ್ ಪುರಸಭೆಯ ಶುಚಿತ್ವ ವಿಭಾಗದಲ್ಲಿ ಗುಮಾಸ್ತನಾಗಿದ್ದ ವೆಂಡೆಲಿನನನ್ನು ಮೂರು ವರ್ಷದ ಹಿಂದೆ 'ಎರಡನೆಯ ಬೆಳಕು' ಎಂಬ ಯೋಜನೆಗೆ ನೇಮಿಸಿದ್ದರು. ನಾಲ್ಕು ದೇಶಗಳ ಐದು ಊರುಗಳು ಕೂಡಿ, ಯೂರೋಪಿನ ಒಕ್ಕೂಟದ ನೀತಿಗೆ ಅನುಸಾರವಾಗಿ ನಡೆಸುತ್ತಿದ್ದ ಕಾರ್ಯ. ಒಂದು ವಸ್ತು ಹುಟ್ಟಿ, ಬಳಕೆಯಾಗಿ, ಕಸದ ಗುಂಡಿಯಲ್ಲಿ ಮುಗಿಯದೆ ಕೈಯಿಂದ ಕೈಗೆ ಸುತ್ತುತ್ತಿರಬೇಕೆಂಬ ವರ್ತುಲ ಆರ್ಥಿಕತೆಯನ್ನು ಪ್ರತಿ ಊರೂ ತನಗೆ ಒಗ್ಗಿದ ಒಂದೊಂದು ವಸ್ತುವಿನಲ್ಲಿ ತೋರಿಸಬೇಕಿತ್ತು. ಒಂದು ಊರು ಮಕ್ಕಳ ಸೈಕಲ್ಲನ್ನು ಆರಿಸಿಕೊಂಡಿತು, ಇನ್ನೊಂದು ಮೀನಿನ ಬಲೆಯನ್ನು. ತ್ರನೋವಿಕ್ಕಿನ ಮೇಯರು ಬಹಳ ಯೋಚಿಸಿ ಸಮಾಧಿಯ ದೀಪವನ್ನು ಆರಿಸಿದರು. ಸಕಲ ಸಂತರ ಹಬ್ಬಕ್ಕೆ ಆ ಊರಿನವರು ತಮ್ಮ ಸತ್ತವರ ಸಮಾಧಿಗಳ ಮೇಲೆ ಇಡುವ ದೀಪಗಳಿಗೆ ಲೆಕ್ಕವಿಲ್ಲ. ವಾರ ಕಳೆದ ಮೇಲೆ ಸುಟ್ಟ ಪ್ಲಾಸ್ಟಿಕ್ಕನ್ನು ಹೊರಲು ಪುರಸಭೆಯ ಲಾರಿ ಹನ್ನೊಂದು ಸಲ ಓಡಾಡಬೇಕು.

ಹೀಗಾಗಿ ಸ್ಮಶಾನದ ಬಾಗಿಲ ಬಳಿ ಒಂದು ಓಕ್ ಮರದ ಹಲಗೆ ಬಂತು. ಬೇಡವಾದ ಕಂದೀಲನ್ನು ಅಲ್ಲಿಡಬೇಕು. ಬೇಕಾದವರು ಒಯ್ದು, ಒಳಗೆ ಹೊಸ ಮೇಣ ತುಂಬಿ, ತಮ್ಮವರ ಸಮಾಧಿಗೆ ಹಚ್ಚಬೇಕು. ಪಕ್ಕದಲ್ಲಿ ಒಂದು ದಪ್ಪ ದಾಖಲೆ ಪುಸ್ತಕ. ಪ್ರತಿ ಕಂದೀಲಿಗೂ ಒಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು.

ಮೂರು ವರ್ಷದಲ್ಲಿ ಆ ಹಲಗೆಯ ಮೇಲೆ ಇಡದವರಿಲ್ಲ, ಅದರಿಂದ ಒಯ್ದವರೂ ಇಲ್ಲ. ಒಡೆದದ್ದು, ಕರಗಿದ್ದು, ಮುಚ್ಚಳ ಕಳೆದದ್ದು ಎಲ್ಲವನ್ನೂ ತಂದು ಸುರಿದರು. ಆದರೆ, "ನಮ್ಮಪ್ಪನಿಗೆ ಕಂಡವರ ಕಾಲ ಹತ್ರ ಉರಿದ ದೀಪಾನಾ?" ಎಂದು ಮುಖ ತಿರುವಿ ಹೊಸದನ್ನೇ ಕೊಂಡು ಒಳಗೆ ನಡೆದರು.

ಈ ಹಬ್ಬದಂದು ಯೋಜನೆಯ ಪರೀಕ್ಷಕರು ಖುದ್ದಾಗಿ ಬರುವವರಿದ್ದರು: ಶ್ರೀಮತಿ ಬಿರ್ಗಿಟ್ಟೆ ಹಾಲ್ಮ್, ಡೆನ್ಮಾರ್ಕಿನವರು. ಎಂಟು ವರ್ಷ ರಾಜಧಾನಿ ಲ್ಯುಬ್ಲ್ಯಾನಾದಲ್ಲಿದ್ದು ನಾಡಿನ ಮಾತನ್ನು ವ್ಯಾಕರಣದ ಪುಸ್ತಕದಿಂದ ಕಲಿತಿದ್ದರು. ಅವರ ಮುಂದೆ ಒಡಕು ಪ್ಲಾಸ್ಟಿಕ್ಕಿನ ಗುಡ್ಡೆಯನ್ನು ತೋರಿಸುವುದು ಹೇಗೆ? ಅದಕ್ಕೇ ವೆಂಡೆಲಿನ್ ಹಿಂದಿನ ಸಂಜೆ ತನ್ನ ಮನೆಯ ಕೊಟ್ಟಿಗೆಗೆ ಹೋಗಿ, ಮಿಣುಕುವ ಬಲ್ಬಿನ ಕೆಳಗೆ, ಅಟ್ಟದಲ್ಲಿದ್ದ ಒಳ್ಳೆಯ ಗಾಜಿನ ಕಂದೀಲುಗಳನ್ನೆಲ್ಲ ಕೈಗೆ ಸಿಕ್ಕಂತೆ ಒಂದು ಪೆಟ್ಟಿಗೆಗೆ ತುಂಬಿ, ಬಾಗಿಲ ಬಳಿ ತಂದಿಟ್ಟು ಮಲಗಿದ್ದ.

ಸ್ಮಶಾನದ ಕಾವಲುಗಾರ ಗಾಶ್ಪೆರ್ ಪೆಟ್ಟಿಗೆಯನ್ನು ಇಳಿಸಿಕೊಂಡು ಬಿಲ್ಲೆ ಕಟ್ಟಲು ಕೂತ. ವೆಂಡೆಲಿನ್ ಶ್ರೀಮತಿ ಹಾಲ್ಮರನ್ನು ಎದುರುಗೊಳ್ಳಲು ಪುರಸಭೆಗೆ ಹೋಗಿ, ಅವರೊಡನೆ ಹತ್ತು ಗಂಟೆಗೆ ಹಿಂದಿರುಗಿದ. ಮಂಜು ಆಗಷ್ಟೇ ಸಮಾಧಿಗಳ ಮೇಲಿಂದ ಏಳುತ್ತಿತ್ತು. ಊರಿಗೆ ಊರೇ ಸೇವಂತಿಗೆಯ ಕುಂಡಗಳನ್ನು ಎದೆಗವಚಿಕೊಂಡು ಒಳಗೆ ನಡೆಯುತ್ತಿತ್ತು.

"ಶ್ರೀಯುತ ಗ್ರಿಚಾರರೇ," ಎಂದರು ಶ್ರೀಮತಿ ಹಾಲ್ಮ್ ಗಂಭೀರವಾಗಿ, "ನಾನು ಒಂದೇ ಒಂದು ಸಂಗತಿಯನ್ನು ನೋಡಲು ಬಂದಿದ್ದೇನೆ. ನಮ್ಮ ಮಾರ್ಗಸೂಚಿಯ ನಲವತ್ತೆರಡನೆಯ ಪುಟದಲ್ಲಿ ಪೂರ್ಣ ವರ್ತುಲವೆಂದರೆ ಏನೆಂದು ವಿವರಿಸಲಾಗಿದೆ. ವಸ್ತುವು ಒಂದು ಮನೆಯಿಂದ ಹೊರಟು, ಮೂವರ ಕೈ ದಾಟಿ, ಹೊರಟಲ್ಲಿಗೇ ಮರಳಬೇಕು. ಐದು ಊರುಗಳಲ್ಲಿ, ಮೂರು ವರ್ಷಗಳಲ್ಲಿ, ನಾವು ಅಂಥ ಒಂದನ್ನೂ ಕಂಡಿಲ್ಲ."

"ನೋಡ್ತಾ ಇರಿ ಮೇಡಂ," ಎಂದ ವೆಂಡೆಲಿನ್. ಸೋಮವಾರ ತೋಟ ತನ್ನದಾಗುವ ಮನುಷ್ಯನಿಗೆ ಯಾವ ಭರವಸೆಯನ್ನಾದರೂ ಕೊಡುವ ಧಾರಾಳ ಇರುತ್ತದೆ.

ಅಷ್ಟರಲ್ಲಿ ಗಾಶ್ಪೆರ್ ದಾಖಲೆ ಪುಸ್ತಕವನ್ನು ಶಿಶುವಿನಂತೆ ಎತ್ತಿಕೊಂಡು ಓಡಿ ಬಂದ.

"ಹೋಯ್ತು ಸಾರ್! ಒಂದು ಹೋಯ್ತು! ಇಟ್ಟು ಹತ್ತು ನಿಮಿಷ ಆಗಿರ್ಲಿಲ್ಲ. ನಲವತ್ತೊಂದನೇ ನಂಬರು!"

ಶ್ರೀಮತಿ ಹಾಲ್ಮ್ ಕನ್ನಡಕ ಏರಿಸಿದರು. ವೆಂಡೆಲಿನನ ಎದೆಯುಬ್ಬಿತು. ಅವನು ಗಟ್ಟಿಯಾಗಿ ಓದಿದ: "ನಂಬರು ನಲವತ್ತೊಂದು. ಕೆಂಪು ಗಾಜು. ಹಿತ್ತಾಳೆಯ ಮುಚ್ಚಳ. ಮುಚ್ಚಳದ ಮೇಲೆ ಎರಡು ದ್ರಾಕ್ಷಿ ಎಲೆ..."

ಉಬ್ಬಿದ ಎದೆ, ಮುಳ್ಳು ಚುಚ್ಚಿದ ಚಕ್ರದಂತೆ, ಅಲ್ಲಿಯೇ ಇಳಿಯಿತು.

ಆ ಕಂದೀಲು ಅತ್ತೆಯದು. ಬರಿಯ ಅತ್ತೆಯದಲ್ಲ, ಅತ್ತೆಯ ಪ್ರಾಣ. ವರ್ಷವಿಡೀ ಯಾರ ಕೈಯೂ ತಾಗದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕೊಟ್ಟಿಗೆಯ ಕಟ್ಟಕಡೆಯ ಮೂಲೆಯಲ್ಲಿ, ಮೈಲುತುತ್ತದ ಪಂಪಿನ ಹಿಂದೆ ಅವರು ಅದನ್ನು ಅಡಗಿಸಿಡುತ್ತಿದ್ದರು. ಹಬ್ಬದ ದಿನ ತಾವೇ ಹೊರತೆಗೆದು, ಮೈಗೆ ಸೋಕದಂತೆ ಕೈಯನ್ನು ಉದ್ದಕ್ಕೆ ಚಾಚಿ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಸಮಾಧಿಯವರೆಗೆ ನಡೆಯುತ್ತಿದ್ದರು. ಹಚ್ಚಿದೊಡನೆ ಮೂರು ಹೆಜ್ಜೆ ಹಿಂದೆ ಸರಿದು ತುಟಿ ಬಿಗಿದು ನಿಲ್ಲುತ್ತಿದ್ದರು. ಒಂದು ಕಂದೀಲನ್ನು ಇಷ್ಟು ಭಕ್ತಿಯಿಂದ ಹಿಡಿದವರನ್ನು ವೆಂಡೆಲಿನ್ ಬೇರೆಲ್ಲಿಯೂ ಕಂಡಿರಲಿಲ್ಲ.

ಮಂದ ಬೆಳಕಿನಲ್ಲಿ ಅದನ್ನೂ ತಾನೇ ಬಾಚಿಕೊಂಡು ಬಂದಿರಬೇಕು! ಮಧ್ಯಾಹ್ನ ಎರಡು ಗಂಟೆಗೆ ಪಾದ್ರಿಗಳ ಪ್ರಾರ್ಥನೆ. ಊರೆಲ್ಲ ತಮ್ಮ ತಮ್ಮ ಸಮಾಧಿಗಳ ಮುಂದೆ ನಿಲ್ಲುವ ಹೊತ್ತು. ಅಷ್ಟರೊಳಗೆ ಕಂದೀಲು ಮಾವನ ತಲೆಯ ಬಳಿ ಇರದಿದ್ದರೆ ಸೋಮವಾರವೂ ಇಲ್ಲ, ನೋಟರಿಯೂ ಇಲ್ಲ, ನಾನೂರು ಬಳ್ಳಿಯೂ ಇಲ್ಲ.

"ಒಯ್ದವರು ಯಾರು?" ಎಂದು ಕೇಳಿದರು ಶ್ರೀಮತಿ ಹಾಲ್ಮ್.

"ಸಿರಿಲ್ ಅಂತ. ನಮ್ಮ ಪಕ್ಕದ ಮನೆಯವನು," ಎಂದ ವೆಂಡೆಲಿನ್, ಪುಸ್ತಕದಲ್ಲಿದ್ದ ಸಹಿಯನ್ನು ನೋಡಿ. "ನಾನು ಹೋಗಿ... ಹೇಗೆ ಬಳಕೆ ಆಗ್ತಿದೆ ನೋಡಿ ಬರ್ತೀನಿ."

"ಅತ್ಯುತ್ತಮ. ನಾನು ಪುಸ್ತಕವನ್ನು ಹಿಡಿದು ನಿಧಾನವಾಗಿ ಹಿಂಬಾಲಿಸುತ್ತೇನೆ."

ಸಿರಿಲ್ ಸ್ವಯಂಸೇವಕ ಅಗ್ನಿಶಾಮಕ ದಳದ ನಿವೃತ್ತ ನಾಯಕ. ಹಬ್ಬಹರಿದಿನಗಳಲ್ಲಿ ಈಗಲೂ ಸಮವಸ್ತ್ರ ತೊಡುತ್ತಿದ್ದ. ಊರಿನಲ್ಲಿ ಬೆಂಕಿ ಕಡಿಮೆಯಾದಂತೆಲ್ಲ ಅವನು ನೆರೆಹೊರೆಯವರ ಸಂಗತಿಗಳನ್ನು ಆರಿಸುವುದರಲ್ಲಿ ತೊಡಗಿದ್ದ. ಚಿಕ್ಕಮ್ಮನ ಸಮಾಧಿಯ ಮುಂದೆ, ಹಿತ್ತಾಳೆ ಗುಂಡಿಗಳನ್ನು ಹೊಳೆಯಿಸುತ್ತ, ಸಣ್ಣ ಕುಂಟೆಯೊಂದನ್ನು ಕೋಲಿನಂತೆ ಊರಿಕೊಂಡು ನಿಂತಿದ್ದ.

"ಬಂದ್ಯಾ? ನಿನ್ನ ಮಾನ ಉಳಿಸಿದ್ದು ಯಾರು ಹೇಳು ನೋಡೋಣ!"

"ಸಿರಿಲ್, ಆ ಕಂದೀಲೆಲ್ಲಿ?"

"ಆ ಪರದೇಶದ ಹೆಂಗಸು ಬರೋ ಹೊತ್ತಿಗೆ ಒಬ್ಬನಾದ್ರೂ ಗಿರಾಕಿ ಇರ್ಬೇಕಲ್ಲ, ಪಾಪ ನಮ್ಮ ವೆಂಡೆಲಿನ್ ಅಂದ್ಕೊಂಡೆ. ಹಲಗೆ ಮೇಲೆ ಇದ್ದಿದ್ರಲ್ಲಿ ಚೆನ್ನಾಗಿರೋದನ್ನೇ ಎತ್ತಿದೆ."

"ದೊಡ್ಡ ಉಪಕಾರ ಆಯ್ತು ಮಾರಾಯ. ಅದೀಗ ಎಲ್ಲಿ?"

"ಹೇಳ್ತೀನಿ, ಏನವಸರ? ನನ್ನ ಸೊಂಟ ಹಿಡ್ಕೊಂಡಿದೆ. ಮೊದಲು ಈ ಕುಂಟೆ ತೊಗೊಂಡು ಕಲ್ಲು ಎಳಿ. ನಮ್ಮ ಚಿಕ್ಕಮ್ಮನಿಗೆ ಬದುಕಿದ್ದಾಗ್ಲೂ ಸೊಟ್ಟ ಗೆರೆ ಕಂಡ್ರೆ ಆಗ್ತಿರ್ಲಿಲ್ಲ."

ಸಮಾಧಿಯ ಮೇಲೆ ಹರಡಿದ ಬಿಳಿಯ ಸಣ್ಣ ಕಲ್ಲುಗಳನ್ನು ಬಾಚಿ ನೇರ ಗೆರೆ ಮೂಡಿಸುವುದು ಆ ಊರಿನ ಮರ್ಯಾದೆ. ವೆಂಡೆಲಿನ್ ಕೋಟಿನ ತೋಳು ಮಡಿಚಿ ಬಾಚತೊಡಗಿದ. ಗೆರೆಗಳು ಬಾಣದಂತೆ ಬಂದವು. ಕೊನೆಯ ಗೆರೆ ಎಳೆದು ತಲೆಯೆತ್ತಿದಾಗ, ತಾನು ಕಲ್ಲಿನ ನಟ್ಟನಡುವೆ ಶಿಲುಬೆಗೆ ಬೆನ್ನು ಕೊಟ್ಟು ನಿಂತಿರುವುದೂ, ಯಾವ ಕಡೆ ಇಳಿದರೂ ಗೆರೆ ಅಳಿಯುವುದೂ ತಿಳಿದುಬಂತು.

"ಹಾರು," ಎಂದ ಸಿರಿಲ್.

ಐವತ್ತೇಳು ವರ್ಷದ ವೆಂಡೆಲಿನ್ ಹಾರಿದ. ದಡ ಮುಟ್ಟಲಿಲ್ಲ. ಎರಡನೆಯ ಸಲ, ಅಂಚಿನಲ್ಲಿ ಕೂತು, ಹಿಂದೆ ಹಿಂದೆ ಸರಿಯುತ್ತ ಬಾಚಬೇಕಾಯಿತು. ದೂರದಲ್ಲಿ ಶ್ರೀಮತಿ ಹಾಲ್ಮ್ ಏನನ್ನೋ ಬರೆದುಕೊಳ್ಳುತ್ತಿದ್ದರು.

"ಈಗ ಹೇಳು."

"ಕಂದೀಲಾ? ಅದು ಇಲ್ಲಿಲ್ಲ. ನನ್ನ ಹೆಂಡತಿ ನೋಡಿ ಕೂಗಾಡಿದ್ಲು. ಇಷ್ಟು ಭಾರೀದನ್ನ ಇಟ್ರೆ ನನ್ನ ತಂಗಿ, ಇದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಕೇಳ್ತಾಳೆ, ತೆಗೀರಿ ಅಂದ್ಲು. ಗೇಟಿನ ಹತ್ರ ಮಾಲ್ಚಿಗೆ ಕೊಟ್ಟು ಎರಡು ಕುಂಡ ಸೇವಂತಿಗೆ ತೊಗೊಂಡೆ." ಸಿರಿಲ್ ಕಣ್ಣು ಕಿರಿದು ಮಾಡಿದ. "ಯಾಕೆ, ಅದ್ರಲ್ಲಿ ಏನಾದ್ರೂ ವಿಶೇಷ ಇದ್ಯಾ?"

"ಏನಿಲ್ಲ. ದಾಖಲೆಗೆ."

"ದಾಖಲೆಗೆ ಯಾರೂ ಇಷ್ಟು ಬೆವರೋದಿಲ್ಲ ಕಣಯ್ಯ."

ವೆಂಡೆಲಿನ್ ಸಮಾಧಿಗಳ ಸಾಲುಗಳ ನಡುವೆ ಸಭ್ಯತೆಗೆ ಎಷ್ಟು ಒಪ್ಪುವುದೋ ಅಷ್ಟು ಬೇಗ ನಡೆದ. ಆದರೆ ಆ ಊರಿನಲ್ಲಿ ಮಾತಿಗೆ ಕಾಲು ಬೇಕಿರಲಿಲ್ಲ. ಅವನು ಗೇಟು ಮುಟ್ಟುವ ಹೊತ್ತಿಗೆ ಸಿರಿಲನ ಅನುಮಾನ, ಅವನ ಹೆಂಡತಿಯ ಬಾಯಿಂದ ಅವಳ ತಂಗಿಯ ಕಿವಿಗೆ, ಅಲ್ಲಿಂದ ಬೇಲಿಯಾಚೆಗೆ ಹಾರಿ, ಮಾಲ್ಚಿಯ ಅಂಗಡಿಯನ್ನು ಮೊದಲೇ ತಲುಪಿತ್ತು.

ಮಾಲ್ಚಿ ಗೇಟಿನ ಬಳಿ ಹೂವೂ ಹೊಸ ದೀಪಗಳೂ ಮಾರುವವಳು. ಓಕ್ ಹಲಗೆ ಬಂದ ದಿನದಿಂದ ಅವಳು ವೆಂಡೆಲಿನನ ನಮಸ್ಕಾರಕ್ಕೆ ಮರುನಮಸ್ಕಾರ ಮಾಡಿರಲಿಲ್ಲ.

"ಬನ್ನಿ ಸಾಹೇಬ್ರೇ, ಬನ್ನಿ! ಮುನ್ನೂರು ವರ್ಷದ ಹಳೇ ಕಂದೀಲಂತೆ? ಯಾವುದೋ ಅರಮನೇದಂತೆ? ಗೊತ್ತಿದ್ರೆ ನಾನು ಆ ಸಿರಿಲ್‌ಗೆ ಇನ್ನೊಂದು ಕುಂಡ ಕೊಡ್ತಿದ್ದೆ, ಕಂದೀಲು ಮಾತ್ರ ಬಿಡ್ತಿರ್ಲಿಲ್ಲ."

"ಬಿಟ್ಟುಬಿಟ್ರಾ? ಯಾರಿಗೆ?"

"ಹೇಳ್ತೀನಿ. ಅದಕ್ಕೆ ಮುಂಚೆ ನೀವೊಂದು ಕೆಲಸ ಮಾಡ್ಬೇಕು." ಅವಳ ದನಿ ತಟ್ಟನೆ ತಗ್ಗಿತು. "ಬೆಳಿಗ್ಗೆ ಐದರಿಂದ ನಿಂತಿದೀನಿ. ಊರವರ ಸತ್ತೋರಿಗೆಲ್ಲ ದೀಪ ಕೊಟ್ಟೆ, ನಮ್ಮವ್ವನ ಹತ್ರ ಇನ್ನೂ ಕತ್ಲೆ. ಹತ್ತು ನಿಮಿಷ ಅಂಗಡಿ ನೋಡ್ಕೊಳ್ಳಿ. ಹೋಗಿ ಒಂದು ಹಚ್ಚಿ ಬಂದ್ಬಿಡ್ತೀನಿ."

ಇದಕ್ಕೆ ಇಲ್ಲವೆನ್ನುವ ಮನುಷ್ಯನಲ್ಲ ವೆಂಡೆಲಿನ್. ಮಾಲ್ಚಿ ತನ್ನ ಹಸಿರು ಏಪ್ರನ್ನು ಅವನ ಕೊರಳಿಗೆ ಹಾಕಿ ಹೋದಳು. ಅವಳು ಕಣ್ಮರೆಯಾದದ್ದೇ ತಡ, ಎರಡು ಬಸ್ಸು ಬಂದು ನಿಂತವು. ಜನ ಮುಗಿಬಿದ್ದರು. "ಆ ದೊಡ್ಡದು ಕೊಡಿ! ಈ ದೇವದೂತನ ಚಿತ್ರದ್ದು ನಾಲ್ಕು! ಬ್ಯಾಟರಿ ಇರೋದು ಇಲ್ವಾ?" ವೆಂಡೆಲಿನ್ ಎರಡು ಕೈಯಿಂದಲೂ ಹೊಸ ಪ್ಲಾಸ್ಟಿಕ್ ದೀಪಗಳನ್ನು ತೆಗೆದು ಕೊಡತೊಡಗಿದ. ಮುದುಕಿಯೊಬ್ಬಳು ಒಂದೇ ಸಾಕು ಎಂದಾಗ, ಅಭ್ಯಾಸವಿಲ್ಲದ ಕೆಲಸದ ಉತ್ಸಾಹದಲ್ಲಿ, "ಎರಡು ತೊಗೊಳ್ಳಿ ಅಜ್ಜಿ, ಒಂದು ಆರಿದ್ರೆ ಇನ್ನೊಂದಿರುತ್ತೆ" ಎಂದುಬಿಟ್ಟ.

ತಲೆಯೆತ್ತಿದಾಗ ಎದುರಿಗೆ ಶ್ರೀಮತಿ ಹಾಲ್ಮ್.

"ಶ್ರೀಯುತ ಗ್ರಿಚಾರರೇ, ತಾವು ಮಾರುತ್ತಿರುವುದು ಏನನ್ನು?"

ವೆಂಡೆಲಿನ್ ಕೈಯಲ್ಲಿದ್ದ ಬ್ಯಾಟರಿ ದೀಪವನ್ನು ನೋಡಿದ. ಅದು ಮಿನುಗಿತು.

"ಇದು... ಹೋಲಿಕೆಗೆ ಮೇಡಂ. ಜನ ಹೊಸದನ್ನ ಯಾಕೆ ಕೊಳ್ತಾರೆ ಅಂತ ಅವರ ಜಾಗದಲ್ಲಿ ನಿಂತು ತಿಳ್ಕೋಬೇಕಲ್ಲ."

"ಎದುರಾಳಿಯ ಜಾಗದಲ್ಲಿ ನಿಲ್ಲುವುದು," ಎಂದು ಆಕೆ ಬರೆದುಕೊಂಡರು. "ಈ ವಿಧಾನ ಮಾರ್ಗಸೂಚಿಯಲ್ಲಿ ಇಲ್ಲ. ಇರಬೇಕಾಗಿತ್ತು. ನಲವತ್ತೊಂದನೆಯ ಕಂದೀಲು ಈಗ ಎಲ್ಲಿದೆ?"

"ಇಲ್ಲಿಗೆ ಬಂದಿತ್ತು. ಇಲ್ಲಿಂದಲೂ ಮುಂದಕ್ಕೆ ಹೋಗಿದೆ."

"ಎರಡನೆಯ ಕೈ!" ಎಂದರು ಶ್ರೀಮತಿ ಹಾಲ್ಮ್. ಅವರ ಬೂದು ಕಣ್ಣುಗಳಲ್ಲಿ, ಉತ್ತರದ ಚಳಿಗಾಲದಲ್ಲಿ ಸೂರ್ಯ ಇಣುಕಿದಂತೆ, ಏನೋ ಒಂದು ಇಣುಕಿ ಹೋಯಿತು.

ಮಾಲ್ಚಿ ಹಿಂದಿರುಗಿದಾಗ ಒಂದು ಗಂಟೆಯಾಗಿತ್ತು. ಹತ್ತು ನಿಮಿಷ ಒಂದೂವರೆ ತಾಸಿಗೆ ಬೆಳೆದಿತ್ತು. ಅವಳ ಮೂಗು ಕೆಂಪಾಗಿತ್ತು. ಖಾಲಿಯಾದ ಕಪಾಟುಗಳನ್ನು ನೋಡಿ, ಹಲಗೆ ಬಂದಂದಿನಿಂದ ಮೊದಲ ಬಾರಿಗೆ ಅವನನ್ನು ಮನುಷ್ಯನಂತೆ ಕಂಡಳು.

"ಟೀಚರ್ ಓಟಿಲಿಯಾ ತೊಗೊಂಡು ಹೋದ್ರು. ಅದನ್ನ ನೋಡಿದ್ದೇ ತಡ, ಕೈಯಿಂದ ಬಾಯಿ ಮುಚ್ಕೊಂಡು ನಿಂತ್ಬಿಟ್ರು. ಯಾಕೋ ನೋಡಕ್ಕಾಗ್ಲಿಲ್ಲ, ಸುಮ್ನೆ ಕೊಟ್ಟೆ. ಅಲ್ಲಿ ಲಿಂಡೆನ್ ಮರದ ಕೆಳಗೆ ಕೂತಿರ್ಬೇಕು."

ಓಟಿಲಿಯಾ ಅಲ್ಲಿಯೇ ಕುಳಿತಿದ್ದರು. ಎಂಬತ್ತು ವರ್ಷದ ಅವಿವಾಹಿತೆ. ವೆಂಡೆಲಿನನ ಹೆಂಡತಿ ಬ್ರೆಡಾಗೂ ಅರ್ಧ ಊರಿಗೂ ಅಕ್ಷರ ಕಲಿಸಿದವರು. ಬೆಂಚಿನ ಮೇಲೆ, ಮಡಿಲಲ್ಲಿ ಕೆಂಪು ಕಂದೀಲನ್ನಿಟ್ಟುಕೊಂಡು, ಕರವಸ್ತ್ರದಿಂದ ಹಿತ್ತಾಳೆಯ ಮುಚ್ಚಳವನ್ನು ಒರೆಸುತ್ತಿದ್ದರು. ಎಲೆ ಉದುರಿದ ಮರದ ಕೆಳಗೆ ಆ ಕೆಂಪೊಂದೇ ಬಣ್ಣ.

"ಟೀಚರ್," ಎಂದ ವೆಂಡೆಲಿನ್, ಏದುಸಿರನ್ನು ನುಂಗುತ್ತ.

"ಬಾಪ್ಪಾ. ಇದನ್ನ ಗುರುತು ಹಿಡಿದ್ಯಾ? ಯೆರ್ನೇಯ್‌ನ ಮಣ್ಣು ಮಾಡಿದ ದಿನ ನಾನೇ ಕೊಟ್ಟಿದ್ದು. ಗಾಜಿನ ಕಾರ್ಖಾನೇಲಿ ಹೇಳಿ ಮಾಡಿಸಿದ್ದೆ. ಈ ಎಲೆಗಳನ್ನೂ ನಾನೇ ಬರೆದು ಕೊಟ್ಟಿದ್ದೆ, ಎರಡೂ." ಅವರು ಎಲೆಗಳ ಮೇಲೆ ಬೆರಳಾಡಿಸಿದರು. "ಯಾಕೆ ಎರಡು ಅಂತ ಅವತ್ತೂ ಯಾರೂ ಕೇಳ್ಲಿಲ್ಲ."

ಈಗಲೂ ಯಾರೂ ಕೇಳಲಿಲ್ಲ. ವೆಂಡೆಲಿನ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಒಂದೂಕಾಲು.

"ಇದು ಸಂತೆ ಸಾಮಾನಿನ ಜೊತೆ ಯಾಕಿತ್ತಪ್ಪಾ? ನಿಮ್ಮತ್ತೆ ಪೊಲೋನಾಗೆ ಇದು ಬೇಡವಾಯ್ತಾ?"

"ಬೇಡವಾಗೋದಾ!" ವೆಂಡೆಲಿನ್ ಮೊಣಕಾಲೂರಿ ಕುಳಿತೇಬಿಟ್ಟ. "ಟೀಚರ್, ತಪ್ಪು ನನ್ನದು. ಕತ್ತಲಲ್ಲಿ ಗೊತ್ತಾಗದೆ ತಂದ್ಬಿಟ್ಟೆ. ನಮ್ಮತ್ತೆಗೆ ಈ ಕಂದೀಲು ಅಂದ್ರೆ ಪ್ರಾಣ. ಯಾರನ್ನೂ ಮುಟ್ಟಕ್ಕೆ ಬಿಡಲ್ಲ. ಬಟ್ಟೆ ಸುತ್ತಿ, ಬಚ್ಚಿಟ್ಟು, ವಾರಕ್ಕೊಂದ್ಸಲ ತೆಗೆದು ನೋಡ್ತಾರೆ. ಇದಿಲ್ಲ ಅಂತ ಗೊತ್ತಾದ್ರೆ ಆ ಮುದಿ ಜೀವ ಉಳಿಯಲ್ಲ."

ಪತ್ರಿಕೆಯನ್ನು ಬಟ್ಟೆಯಾಗಿಸಿ, ವರ್ಷವನ್ನು ವಾರವಾಗಿಸಿದ್ದು ಅವನಿಗೆ ಸುಳ್ಳೆನಿಸಲಿಲ್ಲ. ಭಕ್ತಿಯ ವಿಷಯದಲ್ಲಿ ಇಷ್ಟು ಸ್ವಾತಂತ್ರ್ಯ ಉಂಟು.

ಓಟಿಲಿಯಾ ಕಂದೀಲನ್ನು ಎದೆಗೊತ್ತಿಕೊಂಡರು. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

"ನಾನೊಬ್ಳು ದಡ್ಡಿ ನೋಡು. ಇಷ್ಟು ವರ್ಷ, ಅವಳು ಊರವರ ಕಣ್ಣಿಗೆ ಹೆದರಿ ಇದನ್ನ ಹಚ್ತಾಳೆ ಅಂದ್ಕೊಂಡಿದ್ದೆ. ಪ್ರತಿ ಹಬ್ಬಕ್ಕೂ ಇದು ಉರೀತಿದ್ಯಾ ಅಂತ ದೂರದಿಂದ ನೋಡ್ಕೊಂಡು ಹೋಗ್ತಿದ್ದೆ. ಹತ್ರ ಹೋಗೋ ಧೈರ್ಯ ಇರ್ಲಿಲ್ಲ." ಅವರು ಕಂದೀಲನ್ನು ಅವನ ಕೈಗಿತ್ತರು. "ಹಿಡಿ. ಎರಡು ಗಂಟೆಗೆ ನಾನೂ ಬರ್ತೀನಿ. ಅವಳ ಪಕ್ಕದಲ್ಲೇ ನಿಲ್ತೀನಿ. ಇನ್ನೆಷ್ಟು ಹಬ್ಬ ಉಳಿದಿವೆ ನಮಗೆ?"

ವೆಂಡೆಲಿನ್ ಅವರ ಕೈಗೆ ಮುತ್ತಿಟ್ಟು ಎದ್ದ.

ಎರಡು ಗಂಟೆಗೆ ಘಂಟೆ ಮೊಳಗಿತು. ತ್ರನೋವಿಕ್ಕಿನ ಜನವೆಲ್ಲ ಕರಿಯ ಕೋಟುಗಳಲ್ಲಿ, ತಮ್ಮ ತಮ್ಮವರ ಮುಂದೆ, ಮೌನವಾಗಿ ನಿಂತರು. ಸಾವಿರಾರು ದೀಪಗಳ ಮೇಣದ ವಾಸನೆಯೂ ಸೇವಂತಿಗೆಯ ಕಹಿಯೂ ಬೆರೆತು ಗಾಳಿ ಭಾರವಾಗಿತ್ತು. ಯೆರ್ನೇಯ್‌ನ ಸಮಾಧಿಯ ಮುಂದೆ ಅಪೊಲೊನಿಯಾ ಮಗಳ ತೋಳು ಹಿಡಿದು ನಿಂತಿದ್ದರು. ವೆಂಡೆಲಿನ್ ಕಂಡ ಮಟ್ಟಿಗೆ ಅವರ ಮುಖದಲ್ಲಿ ಎಂದೂ ಇರದ ಒಂದು ಪ್ರಸನ್ನತೆ ಇತ್ತು. ಸಮಾಧಿಯ ಮೇಲೆ ಒಂದೇ ಒಂದು ಚಿಕ್ಕ ಬಿಳಿಯ ದೀಪ, ಅವರು ತಾವೇ ಕೊಂಡು ತಂದದ್ದು, ನೆಮ್ಮದಿಯಾಗಿ ಉರಿಯುತ್ತಿತ್ತು.

ಅತ್ತೆ ಇನ್ನೂ ಹುಡುಕಿಲ್ಲ, ಎಂದುಕೊಂಡ ವೆಂಡೆಲಿನ್. ಸದ್ಯ, ಬದುಕಿಕೊಂಡೆ! ಅವನು ಕೋಟಿನೊಳಗಿನಿಂದ ಕಂದೀಲನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮಾವನ ತಲೆಯ ಬಳಿ ಮೆಲ್ಲಗೆ ಇಟ್ಟು, ತಲೆ ಬಾಗಿಸಿ ಹಿಂದೆ ಸರಿದ.

ಪ್ರಸನ್ನತೆ ಅಳಿಯಿತು. ಅತ್ತೆಯ ತುಟಿಗಳು ಪ್ರಾರ್ಥನೆಯಲ್ಲಿರುವಂತೆ ಅಲುಗಿದವು. ಮಾತು ಮಾತ್ರ ಬೇರೆಯಿತ್ತು.

"ಇದು ಎಲ್ಲಿತ್ತು?"

"ಕ್ಷಮಿಸಿ ಅತ್ತೆ. ಪೆಟ್ಟಿಗೆಗೆ ಹೇಗೋ ಸೇರ್ಬಿಟ್ಟಿತ್ತು. ಊರೆಲ್ಲ ಸುತ್ತಿ, ಮೂರು ಜನರ ಕೈಯಿಂದ ಬಿಡಿಸಿಕೊಂಡು ಬಂದೆ."

"ಹೇಗೋ ಸೇರಿದ್ದಲ್ಲ. ನೀವು ಮಲಗಿದ ಮೇಲೆ ನಾನೇ ಹಾಕಿದ್ದು."

ಪಾದ್ರಿಗಳ ದನಿ ಧ್ವನಿವರ್ಧಕದಲ್ಲಿ ಗೊಗ್ಗರಾಗಿ ಕೇಳುತ್ತಿತ್ತು. ವೆಂಡೆಲಿನನಿಗೆ ಅದೊಂದೂ ಕೇಳಲಿಲ್ಲ.

"ನನ್ನನ್ನ ಮದುವೆ ಆಗೋಕೆ ಮುಂಚೆ ಇವರು ಮೂರು ವರ್ಷ ಆ ಟೀಚರಮ್ಮನ ಕೈ ಹಿಡ್ಕೊಂಡು ನಮ್ಮ ದ್ರಾಕ್ಷಿತೋಟದಲ್ಲಿ ಓಡಾಡ್ತಿದ್ರು," ಎಂದರು ಅತ್ತೆ, ಕಣ್ಣನ್ನು ಶಿಲುಬೆಯಿಂದ ಕದಲಿಸದೆ. "ಮಣ್ಣು ಮಾಡೋ ದಿನ ಊರೆಲ್ಲರ ಎದುರಿಗೆ ಇದನ್ನ ನನ್ನ ಕೈಗೆ ಕೊಟ್ಲು. ಎಸೆದ್ರೆ ಊರು ಏನನ್ನತ್ತೆ? ಇಪ್ಪತ್ತೆರಡು ವರ್ಷ ಅವಳ ದೀಪಾನ ನನ್ನ ಗಂಡನ ತಲೆ ಹತ್ರ ನನ್ನ ಕೈಯಾರೆ ಹಚ್ಚಿದೀನಿ. ನಿಮ್ಮ ಹಲಗೆ ಬಂದಾಗ ಧೈರ್ಯ ಸಾಲ್ಲಿಲ್ಲ. ನಿನ್ನೆ ನೀವು ಪೆಟ್ಟಿಗೆ ತುಂಬಿಟ್ಟಿದ್ದು ನೋಡಿ, ಕೊನೆಗೂ ಮರ್ಯಾದಸ್ಥರಿಗೆ ಒಂದು ದಾರಿ ಸಿಕ್ತು ಅಂದ್ಕೊಂಡೆ. ಅಳಿಯನ ಸರ್ಕಾರಿ ಕೆಲಸಕ್ಕೆ ಕೊಟ್ಟೆ ಅಂದ್ರೆ ಯಾರೂ ಬಾಯಿ ಬಿಡೋ ಹಾಗಿಲ್ಲ. ಇವತ್ತು ಬೆಳಿಗ್ಗೆ ಅದು ಕಾರಲ್ಲಿ ಹೋಗಿದ್ದು ನೋಡಿ, ಈ ಅಳಿಯನಿಂದ ಒಂದು ಉಪಕಾರ ಆಯ್ತಲ್ಲ ಅಂತ ಮನಸ್ಸು ತುಂಬಿ ಬಂದಿತ್ತು."

ವೆಂಡೆಲಿನ್ ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಕೋಲಿನ ಸದ್ದಾಯಿತು. ಓಟಿಲಿಯಾ ಬಂದು ನಿಂತು, ಎಲ್ಲರೂ ನೋಡುತ್ತಿರುವಂತೆಯೇ ಅಪೊಲೊನಿಯಾರನ್ನು ಅಪ್ಪಿಕೊಂಡರು.

"ಪೊಲೋನಾ, ನಿನ್ನಳಿಯ ಎಲ್ಲಾ ಹೇಳ್ದ ಕಣೇ. ನೀನು ವಾರವಾರ ತೆಗೆದು ನೋಡ್ತೀಯಂತೆ! ನನಗೆ ಗೊತ್ತೇ ಇರ್ಲಿಲ್ಲ. ಇನ್ಮೇಲೆ ಪ್ರತಿ ಭಾನುವಾರ ನಿಮ್ಮನೆಗೆ ಬರ್ತೀನಿ. ಇಬ್ಬರೂ ಕೂತು ಅವನ ಬಗ್ಗೆ ಮಾತಾಡೋಣ."

ಅಪ್ಪುಗೆಯ ಮೇಲಿಂದ ಅತ್ತೆಯ ಕಣ್ಣುಗಳು ಅಳಿಯನನ್ನು ಹುಡುಕಿ ಹಿಡಿದವು. ಅವನು ಶಿಲುಬೆಯನ್ನು ನೋಡಿದ.

"ಶ್ರೀಯುತ ಗ್ರಿಚಾರರೇ!"

ಪ್ರಾರ್ಥನೆ ಮುಗಿದದ್ದೇ ತಡ, ಶ್ರೀಮತಿ ಹಾಲ್ಮ್ ದಾಖಲೆ ಪುಸ್ತಕವನ್ನು ಎದೆಗವಚಿಕೊಂಡು ಸಾಲುಗಳ ನಡುವೆ ಬಂದರು. ಅವರ ಹಿಂದೆ ಮೇಯರು, ಮೇಯರರ ಹಿಂದೆ ಸಿರಿಲನ ಹಿತ್ತಾಳೆ ಗುಂಡಿಗಳು. ಆಕೆ ಬಾಗಿ ಬಿಲ್ಲೆಯನ್ನು ಓದಿದರು. ನಿಧಾನವಾಗಿ ನೆಟ್ಟಗಾದರು.

"ಈ ಮನೆಯಿಂದ ಹೊರಟಿತು. ಅಗ್ನಿಶಾಮಕರ ಕೈ, ಹೂವಾಡಗಿತ್ತಿಯ ಕೈ, ಶಿಕ್ಷಕಿಯ ಕೈ. ಸೂರ್ಯ ಮುಳುಗುವ ಮೊದಲೇ ಹೊರಟಲ್ಲಿಗೆ ಮರಳಿತು. ಪೂರ್ಣ ವರ್ತುಲ!" ಅವರು ಪುಸ್ತಕವನ್ನು ಮೇಲೆತ್ತಿ ಹಿಡಿದರು. "ಐದು ಊರುಗಳಲ್ಲಿ ಇದು ಮೊದಲನೆಯದು. ಈ ಕಂದೀಲು ನಮ್ಮ ಯೋಜನೆಯ ಲಾಂಛನವಾಗಲಿದೆ. ಇಲ್ಲಿ ಒಂದು ಕಂಚಿನ ಫಲಕವನ್ನು ನೆಡಲಾಗುವುದು. ಪ್ರತಿ ವರ್ಷ ಈ ದಿನ ಪಾಲುಗಾರ ಊರುಗಳ ಪ್ರತಿನಿಧಿಗಳು ಬಂದು ಇದು ಉರಿಯುವುದನ್ನು ನೋಡುವರು. ಆದುದ ಕಾರಣ ಇದು ಈ ಸ್ಥಳದಿಂದ ಇನ್ನೆಂದಿಗೂ ಕದಲಬಾರದು."

ಮೇಯರು ಚಪ್ಪಾಳೆ ತಟ್ಟಿದರು. ಸ್ಮಶಾನವೆಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು.

"ಮೂಲ ದಾನಿಯ ಸಹಿ ಬೇಕು," ಎಂದು ಶ್ರೀಮತಿ ಹಾಲ್ಮ್ ಪುಸ್ತಕವನ್ನೂ ಲೇಖನಿಯನ್ನೂ ಅಪೊಲೊನಿಯಾರ ಮುಂದೆ ಹಿಡಿದರು.

ಊರೆಲ್ಲ ನೋಡುತ್ತಿತ್ತು. ಓಟಿಲಿಯಾ ಅವರ ಎಡಗೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಅತ್ತೆ ಬಲಗೈಯಿಂದ, ಒಂದೊಂದು ಅಕ್ಷರವನ್ನೂ ಒತ್ತಿ, ಸಹಿ ಹಾಕಿದರು. ಆ ವರ್ಷ ಅವರು ಸಹಿ ಹಾಕಿದ ಕಾಗದ ಅದೊಂದೇ.

ಜನ ಚೆದುರಿದ ಮೇಲೆ ವೆಂಡೆಲಿನ್, ಮಾಲ್ಚಿಯ ಹಸಿರು ಏಪ್ರನ್ನು ಇನ್ನೂ ಕೊರಳಲ್ಲೇ ಇರುವುದನ್ನು ಆಗಷ್ಟೇ ಕಂಡು ಅದನ್ನು ಮಡಿಚುತ್ತ, ಬಹಳ ಮೆಲ್ಲಗೆ ಕೇಳಿದ:

"ಅತ್ತೆ... ಸೋಮವಾರ ಎಷ್ಟು ಗಂಟೆಗೆ ಹೊರಡೋಣ?"

ಅಪೊಲೊನಿಯಾ ಕೈಚೀಲದಿಂದ ಬೆಂಕಿಪೊಟ್ಟಣವನ್ನು ತೆಗೆದು ಅವನ ಅಂಗೈ ಮೇಲಿಟ್ಟರು.

"ಹಚ್ಚಿ ಅಳಿಯಂದ್ರೇ. ಇನ್ಮೇಲೆ ಪ್ರತಿ ಹಬ್ಬಕ್ಕೂ ನೀವೇ ಹಚ್ಚಿ." ಅವರು ಕೋಟಿನ ಕೊರಳಪಟ್ಟಿಯನ್ನು ಎತ್ತಿಕೊಂಡು, ಹೊರಡಲು ತಿರುಗಿದರು. "ತೋಟದ ವಿಚಾರ ಮುಂದಿನ ವರ್ಷ ನೋಡೋಣ."

ವೆಂಡೆಲಿನ್ ಕಡ್ಡಿ ಗೀರಿದ. ಗಾಳಿ ಬೀಸುತ್ತಿತ್ತು. ಆದರೂ ಎರಡು ಎಲೆಗಳ ಆ ಕಂದೀಲು ಮೊದಲನೆಯ ಕಡ್ಡಿಗೇ ಹತ್ತಿಕೊಂಡಿತು.